ಡಬ್ಬಿಗೆ ಬಿದ್ದ ಎರಡು ರೂಪಾಯಿ ಎಲ್ಲಿಗೆ ಹೋಯಿತು?

ಒಮ್ಮೆ ಸೈನಿಕರಿಗೆ, ಒಮ್ಮೆ ಕ್ಷಯರೋಗಿಗಳಿಗೆ, ಒಮ್ಮೆ ಮಿಷನ್‌ಗೆ. ಸರ್ಕಾರದ ಕ್ಯಾಲೆಂಡರನ್ನೂ ಇಗರ್ಜಿಯ ಕ್ಯಾಲೆಂಡರನ್ನೂ ಒಟ್ಟಿಗೇ ಗೋಡೆಗೆ ತೂಗುಹಾಕಿಕೊಂಡಿರುವ ಭಟ್ಕಳ, ಹೊನ್ನಾವರ, ಕುಮಟಾದ ಕಾನ್ವೆಂಟ್ ಶಾಲೆಗಳು ಮಕ್ಕಳಿಗೆ ಕೊಡುವುದನ್ನು ಕಲಿಸಿವೆ. ಲೆಕ್ಕ ಕೇಳುವುದನ್ನು?

ಡಿಸೆಂಬರ್ 3ರ ಬೆಳಗು. ಹೊನ್ನಾವರ ತಾಲ್ಲೂಕಿನ ಚಂದಾವರದ ಇಗರ್ಜಿಯ ಮುಂದೆ ಮೇಣದಬತ್ತಿಯ ವಾಸನೆ, ಹೂವಿನ ಮಾಲೆ, ಮಿಠಾಯಿ ಅಂಗಡಿ, ಮಕ್ಕಳ ಪೀಪಿ. ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬ. ಸಾಲಿನಲ್ಲಿ ಕ್ರೈಸ್ತರ ಜತೆ ಹಿಂದೂಗಳೂ ನಿಂತಿದ್ದಾರೆ. ಹರಕೆ ಹೊತ್ತವರಿಗೆ ಜಾತಿ ಯಾವುದು? ಕಾಣಿಕೆ ಡಬ್ಬಿಗೆ ನಾಣ್ಯ ಬೀಳುತ್ತಲೇ ಇದೆ.

ನಾಲ್ಕು ದಿನ ಬಿಟ್ಟು, ಡಿಸೆಂಬರ್ 7. ಈಗ ಮಕ್ಕಳು ಸಮವಸ್ತ್ರದಲ್ಲಿ, ಕಾನ್ವೆಂಟ್ ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ. ಸಿಸ್ಟರ್ ಕೈಯಲ್ಲಿ ಪುಟ್ಟ ಧ್ವಜಗಳ ಹಾಳೆ. ಕೆಂಪು, ಕಡು ನೀಲಿ, ತಿಳಿ ನೀಲಿ: ಭೂಸೇನೆ, ನೌಕಾಪಡೆ, ವಾಯುಪಡೆ. ಒಂದೊಂದೇ ಧ್ವಜ ಅಂಗಿಯ ಜೇಬಿನ ಮೇಲೆ ಏರುತ್ತದೆ. ತರಗತಿಯ ಡಬ್ಬಿಗೂ ನಾಣ್ಯ ಬೀಳುತ್ತದೆ.

ಎರಡು ಡಬ್ಬಿ. ಒಂದು ಸಂತನದು, ಇನ್ನೊಂದು ಸೈನಿಕನದು. ಹಾಕುವ ಕೈ ಮಾತ್ರ ಒಂದೇ.

ಉತ್ತರ ಕನ್ನಡದ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇ 3ರ ಆಸುಪಾಸು. ಭಟ್ಕಳದ ಆನಂದ ಆಶ್ರಮ ಕಾನ್ವೆಂಟ್, ಹೊನ್ನಾವರದ ಸೇಂಟ್ ಥಾಮಸ್ ಪ್ರೌಢಶಾಲೆ, ಕುಮಟಾದ ನಿರ್ಮಲಾ ಕಾನ್ವೆಂಟ್‌ನಂಥ ಶಾಲೆಗಳು ಆ ಮೂರು ಪರ್ಸೆಂಟಿನವರಿಗಷ್ಟೇ ಬಾಗಿಲು ತೆರೆದಿದ್ದರೆ ಬೆಂಚುಗಳು ಖಾಲಿ ಉಳಿಯುತ್ತಿದ್ದವು. ಹಾಲಕ್ಕಿ, ಹವ್ಯಕ, ನಾಮಧಾರಿ, ಮೀನುಗಾರ, ನವಾಯತ, ಎಲ್ಲರ ಮನೆಯ ಮಕ್ಕಳೂ ಈ ಕರಾವಳಿಯ ಕಾನ್ವೆಂಟ್ ಮೆಟ್ಟಿಲು ಹತ್ತಿದವರೇ. ಆದ್ದರಿಂದ ಇಲ್ಲಿ ಡಬ್ಬಿ ಹಿಡಿಯುವುದು ಕ್ಯಾಥೊಲಿಕ್ ಸಂಸ್ಥೆ, ದುಡ್ಡು ಹಾಕುವುದು ಇಡೀ ಊರು.

ಗುಲಾಬಿಯಿಂದ ಧ್ವಜಕ್ಕೆ

ಎದೆಯ ಮೇಲೆ ಚಿಕ್ಕದೊಂದು ಗುರುತು ಚುಚ್ಚಿ ಕಾಸು ಪಡೆಯುವ ಪದ್ಧತಿಗೆ ಶತಮಾನ ದಾಟಿದೆ. 1912ರ ಜೂನ್‌ನಲ್ಲಿ ಲಂಡನ್ನಿನ ಬೀದಿಗಳಲ್ಲಿ ರಾಣಿ ಅಲೆಕ್ಸಾಂಡ್ರಾ ಹೆಸರಿನಲ್ಲಿ ಬಟ್ಟೆಯ ಗುಲಾಬಿ ಮಾರಿದರು. ಹೂ ಮಾಡಿದವರು ಅಂಗವಿಕಲರು, ಕೊಂಡವರು ದಾರಿಹೋಕರು, ಹಣ ಹೋಗಿದ್ದು ಆಸ್ಪತ್ರೆಗಳಿಗೆ. ಮೊದಲ ಮಹಾಯುದ್ಧ ಮುಗಿದ ಮೇಲೆ, 1921ರಲ್ಲಿ, ಗುಲಾಬಿಯ ಪಕ್ಕ ಕೆಂಪು ಗಸಗಸೆ ಹೂ ಬಂತು. ನವೆಂಬರ್ 11ರಂದು ಅದನ್ನು ಧರಿಸಿ ಮಡಿದ ಸೈನಿಕರನ್ನು ನೆನೆಯುವ ರೂಢಿ ಬ್ರಿಟಿಷ್ ಭಾರತಕ್ಕೂ ಹಬ್ಬಿತ್ತು.

ಸ್ವಾತಂತ್ರ್ಯ ಬಂದ ಮೇಲೆ ದೊರೆಗಳ ಹೂವನ್ನೇ ಚುಚ್ಚಿಕೊಂಡು ಕೂರುವುದೇಕೆ? 1949ರ ಆಗಸ್ಟ್ 28ರಂದು ರಕ್ಷಣಾ ಸಚಿವ ಬಲದೇವ್ ಸಿಂಗ್ ಅವರ ಕಾಲದಲ್ಲಿ ಸೇರಿದ ಸಮಿತಿ ಡಿಸೆಂಬರ್ 7ನ್ನು ಧ್ವಜ ದಿನ ಎಂದು ಗೊತ್ತುಮಾಡಿತು. ಅಂದಿನಿಂದ ಶಾಲೆಯೇ ಈ ದಿನದ ದೊಡ್ಡ ಆಸರೆ. ಸಂತೆಯಲ್ಲಿ ಧ್ವಜ ಮಾರಲು ಹೋದರೆ ಚೌಕಾಸಿ ನಡೆಯುತ್ತದೆ. ಮಕ್ಕಳು ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ.

ಉತ್ತರ ಕನ್ನಡಕ್ಕೆ ಈ ದಿನ ಬರೀ ಸುತ್ತೋಲೆಯ ದಿನವಲ್ಲ. ಡಿಸೆಂಬರ್ 4 ನೌಕಾಪಡೆ ದಿನ. ಕಾರವಾರದ ಸಮುದ್ರತೀರದಲ್ಲಿ ಯುದ್ಧನೌಕೆಯೇ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಅಲ್ಲೇ ಹತ್ತಿರ ಸೀಬರ್ಡ್ ನೌಕಾನೆಲೆ. 1986ರಲ್ಲಿ ಅಡಿಗಲ್ಲು, 2005ರಲ್ಲಿ ಕಾರ್ಯಾರಂಭ, ನಡುವೆ ಕಾರವಾರ ಮತ್ತು ಅಂಕೋಲಾದ ಎಷ್ಟೋ ಮನೆಗಳ ಸ್ಥಳಾಂತರ. ರಕ್ಷಣೆಗೆ ಈ ಜಿಲ್ಲೆ ಕೊಟ್ಟಿದ್ದರಲ್ಲಿ ಚಿಲ್ಲರೆ ಕಾಸು ತೀರಾ ಸಣ್ಣ ಪಾಲು.

---

■ ಧ್ವಜ ದಿನದ ಹಣ ಏನಾಗುತ್ತದೆ?

* ಬೇರೆ ಬೇರೆಯಾಗಿದ್ದ ಹಲವು ನಿಧಿಗಳನ್ನು 1993ರಲ್ಲಿ ಒಂದುಗೂಡಿಸಿ ಸಶಸ್ತ್ರ ಪಡೆಗಳ ಧ್ವಜ ದಿನ ನಿಧಿ ಮಾಡಲಾಯಿತು. ನಿರ್ವಹಣೆ ಕೇಂದ್ರೀಯ ಸೈನಿಕ ಮಂಡಳಿಯದು.
* ಉದ್ದೇಶ ಮೂರು: ಯುದ್ಧದಲ್ಲಿ ಗಾಯಗೊಂಡವರ ಮತ್ತು ಮಡಿದವರ ಕುಟುಂಬದ ಪುನರ್ವಸತಿ, ಸೇವೆಯಲ್ಲಿರುವವರ ಕ್ಷೇಮ, ನಿವೃತ್ತರ ಬದುಕಿಗೆ ಆಸರೆ.
* ಪಿಂಚಣಿ ಇಲ್ಲದ ವೃದ್ಧ ಮಾಜಿ ಸೈನಿಕರಿಗೆ ನೆರವು, ಮಕ್ಕಳ ಓದಿಗೆ ಸಹಾಯಧನ, ಪುಣೆ ಬಳಿಯ ಖಡ್ಕಿಯಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರ ಪುನರ್ವಸತಿ ಕೇಂದ್ರ, ಇವೆಲ್ಲಕ್ಕೂ ಇದರಿಂದ ಹಣ ಹೋಗುತ್ತದೆ.
* ಈ ನಿಧಿಗೆ ಕೊಟ್ಟ ದೇಣಿಗೆಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ.

---

ನೇಕಾರರ ಊರಿನ ಹುಡುಗಿ

ಸರ್ಕಾರದ ಡಬ್ಬಿಗಿಂತ ಇಗರ್ಜಿಯ ಡಬ್ಬಿ ಹಳೆಯದು. ಅದರ ಹುಟ್ಟೂರು ಫ್ರಾನ್ಸಿನ ಲಿಯೋನ್, ರೇಷ್ಮೆ ನೇಕಾರರ ಪಟ್ಟಣ.

ಪೋಲೀನ್ ಜಾರಿಕೋ ಎಂಬ ಯುವತಿ ಅಲ್ಲಿನ ಕೂಲಿ ಹೆಂಗಸರನ್ನು ಹತ್ತು ಹತ್ತು ಮಂದಿಯ ಗುಂಪು ಮಾಡಿದಳು. ವಾರಕ್ಕೆ ಒಂದು ಪುಡಿಗಾಸು, ಜತೆಗೆ ಒಂದು ಪ್ರಾರ್ಥನೆ. ಅಷ್ಟೇ ನಿಯಮ. 1822ರಲ್ಲಿ ಅದು ದೂರದ ಮಿಷನ್‌ಗಳಿಗೆ ನೆರವು ಕಳಿಸುವ ಸಂಸ್ಥೆಯಾಯಿತು. ಇಂದಿನ ಸ್ವಸಹಾಯ ಸಂಘದ ಅಕ್ಕಂದಿರು ಕೇಳಿದರೆ, ಇದು ನಮಗೆ ಗೊತ್ತಿರುವ ಲೆಕ್ಕವೇ ಎಂದಾರು. ಜಾರಿಕೋ ಅವರನ್ನು 2022ರಲ್ಲಿ ಪುನೀತರ ಸಾಲಿಗೆ ಸೇರಿಸಲಾಯಿತು.

1843ರಲ್ಲಿ ನಾನ್ಸಿಯ ಬಿಷಪ್ ಷಾರ್ಲ್ ದ ಫೋರ್ಬಿನ್-ಜಾನ್ಸನ್ ಅದೇ ಉಪಾಯವನ್ನು ಮಕ್ಕಳ ಕೈಗಿತ್ತರು. ದಿನಕ್ಕೊಂದು ಪ್ರಾರ್ಥನೆ, ತಿಂಗಳಿಗೊಂದು ಕಾಸು, ಮಕ್ಕಳಿಂದ ಮಕ್ಕಳಿಗೆ. ಜಗತ್ತಿನ ಕ್ಯಾಥೊಲಿಕ್ ಶಾಲೆಗಳಲ್ಲಿ ಡಬ್ಬಿ ಕಾಯಂ ಆಗಿದ್ದು ಹೀಗೆ. 1926ರಲ್ಲಿ 11ನೇ ಪಯಸ್ ಪೋಪರು ಅಕ್ಟೋಬರ್ ತಿಂಗಳ ಕೊನೆಯದಕ್ಕೆ ಹಿಂದಿನ ಭಾನುವಾರವನ್ನು ಮಿಷನ್ ಭಾನುವಾರ ಎಂದು ಗೊತ್ತುಪಡಿಸಿದರು.

ಲೆಕ್ಕ ಹಾಕಿದರೆ 2026ಕ್ಕೆ ಅದಕ್ಕೆ ನೂರು. ಅದೇ ವರ್ಷ ಕಾರವಾರ ಧರ್ಮಪ್ರಾಂತ್ಯಕ್ಕೂ ಐವತ್ತು. 1953ರವರೆಗೆ ಈ ಕರಾವಳಿಯ ಇಗರ್ಜಿಗಳು ಗೋವೆಯ ಆಡಳಿತದಲ್ಲಿದ್ದವು. ಆಮೇಲೆ ಬೆಳಗಾವಿಗೆ ಸೇರಿದವು. 1976ರ ಜನವರಿ 24ರಂದು ಕಾರವಾರವೇ ಪ್ರತ್ಯೇಕವಾಯಿತು. ವಿಲಿಯಂ ಲಿಯೊನಾರ್ಡ್ ಡಿಮೆಲ್ಲೊ ಅದರ ಮೊದಲ ಬಿಷಪ್.

ಸವಾಲು ಕೂಗುವ ನಾಡು

ಕರಾವಳಿಯ ಇಗರ್ಜಿಗಳಲ್ಲಿ ಮಿಷನ್ ಭಾನುವಾರವೆಂದರೆ ಅರ್ಧ ಪೂಜೆ, ಅರ್ಧ ಸಂತೆ. ಮನೆಯಿಂದ ತಂದ ಬಾಳೆಗೊನೆ, ಸೌತೆಕಾಯಿ, ತೆಂಗಿನಕಾಯಿ, ನಾಟಿಕೋಳಿ ಏಲಂಗೆ ಏರುತ್ತವೆ. ಇಪ್ಪತ್ತು ರೂಪಾಯಿಯ ಕುಂಬಳಕಾಯಿ ಇನ್ನೂರಕ್ಕೆ ಹೋಗುತ್ತದೆ. ಕೊಂಡವನು ನಗುತ್ತಾನೆ, ಕೂಗಿದವನೂ ನಗುತ್ತಾನೆ.

ಇದು ಈ ನೆಲಕ್ಕೆ ಹೊಸತಲ್ಲ. ಉತ್ತರ ಕನ್ನಡದ ದೇವಸ್ಥಾನಗಳಲ್ಲಿ ಹಬ್ಬ, ಜಾತ್ರೆ ಮುಗಿದ ಮೇಲೆ ದೇವರಿಗೆ ಕಟ್ಟಿದ ಫಲಾವಳಿಯ ಸವಾಲು ನಡೆಯುತ್ತದೆ. ಒಂದು ಜೋಡಿ ತೆಂಗಿನಕಾಯಿಗಾಗಿ ಇಬ್ಬರು ಹಟಕ್ಕೆ ಬಿದ್ದು ದರ ಏರಿಸುವುದನ್ನು ನೋಡಲೆಂದೇ ಜನ ಕೂರುತ್ತಾರೆ. ಭಟ್ಕಳದಲ್ಲಿ ರಂಜಾನ್ ತಿಂಗಳೆಂದರೆ ಜಕಾತ್‌ನ ತಿಂಗಳು. ಉಳಿಕೆ ಸಂಪತ್ತಿನ ಶೇ 2.5 ಬಡವರ ಪಾಲು. 1919ರಲ್ಲಿ ಹುಟ್ಟಿದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆ ಊರವರ ನೆರವಿನಿಂದಲೇ ಶಾಲೆ, ಕಾಲೇಜುಗಳ ಸಾಲನ್ನು ಕಟ್ಟಿತು.

ಹಾಗಾಗಿ ಕಾನ್ವೆಂಟ್ ಶಾಲೆಯ ಮಗು ಡಬ್ಬಿಯನ್ನು ಮೊದಲ ಸಲ ನೋಡುವುದು ಶಾಲೆಯಲ್ಲಲ್ಲ. ಕೊಡುವ ಪಾಠ ಮನೆಯಲ್ಲೇ ಆಗಿರುತ್ತದೆ. ಶಾಲೆ ಕಲಿಸುವುದು ಬೇರೆಯದನ್ನು: ತನ್ನ ದೇವರು, ತನ್ನ ಜಾತಿ, ತನ್ನ ಊರಿನ ಆಚೆ ಇರುವ ಗುರುತೇ ಇಲ್ಲದವರಿಗೂ ಕೊಡಬಹುದು ಎಂಬುದನ್ನು.

ರಾಷ್ಟ್ರೀಯ ನಿಧಿ ದಿನಗಳ ಬೆಲೆ ಇರುವುದು ಇಲ್ಲಿಯೇ.

---

■ ವರ್ಷದ ಡಬ್ಬಿ ಕ್ಯಾಲೆಂಡರ್

* ಸೆಪ್ಟೆಂಬರ್ 5: ಶಿಕ್ಷಕರ ದಿನ. 1962ರಲ್ಲಿ ಆಚರಣೆ ಆರಂಭವಾದಾಗಲೇ ರಾಷ್ಟ್ರೀಯ ಶಿಕ್ಷಕರ ಕಲ್ಯಾಣ ಪ್ರತಿಷ್ಠಾನವೂ ಹುಟ್ಟಿತು.
* ಅಕ್ಟೋಬರ್ 2: ಕ್ಷಯರೋಗ ಚೀಟಿ ಅಭಿಯಾನ. ಭಾರತೀಯ ಕ್ಷಯರೋಗ ಸಂಘ 1950ರಿಂದ ನಡೆಸುತ್ತಿದೆ.
* ಅಕ್ಟೋಬರ್ ಮೂರನೇ ಅಥವಾ ನಾಲ್ಕನೇ ಭಾನುವಾರ: ಮಿಷನ್ ಭಾನುವಾರ.
* ನವೆಂಬರ್ 7: ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸ್ಥಾಪನಾ ದಿನ, ಧ್ವಜ ಚೀಟಿ ಮಾರಾಟ.
* ನವೆಂಬರ್ 19–25: ಕೋಮು ಸೌಹಾರ್ದ ಸಪ್ತಾಹ, ಕೊನೆಯ ದಿನ ಧ್ವಜ ದಿನ.
* ಡಿಸೆಂಬರ್ 7: ಸಶಸ್ತ್ರ ಪಡೆಗಳ ಧ್ವಜ ದಿನ.
* ಜನವರಿ 30: ಕುಷ್ಠರೋಗ ವಿರೋಧಿ ದಿನ. ವಿಶ್ವ ಕುಷ್ಠರೋಗ ದಿನವನ್ನು 1954ರಲ್ಲಿ ಆರಂಭಿಸಿದವರು ಫ್ರಾನ್ಸಿನ ಕ್ಯಾಥೊಲಿಕ್ ಬರಹಗಾರ ರಾವುಲ್ ಫೊಲೆರೋ.
* ಫೆಬ್ರುವರಿ–ಏಪ್ರಿಲ್: ಈಸ್ಟರ್ ಮುಂಚಿನ ತಪಸ್ಸು ಕಾಲ. 1962ರಲ್ಲಿ ಸ್ಥಾಪನೆಯಾದ ಕಾರಿತಾಸ್ ಇಂಡಿಯಾದ ಹಸಿವು ಮತ್ತು ರೋಗದ ವಿರುದ್ಧದ ಅಭಿಯಾನ.

---

ಕೊಡಬೇಡಿ ಎಂದ ಬಿಷಪರು

ಕ್ಯಾಥೊಲಿಕ್ ಶಾಲೆಗಳು ರಾಷ್ಟ್ರೀಯ ನಿಧಿ ದಿನಗಳಿಗೆ ಡಬ್ಬಿ ಹಿಡಿಯುವುದು ಎಲ್ಲ ದೇಶಗಳಲ್ಲೂ ಇಷ್ಟು ಸಲೀಸಲ್ಲ.

ಫ್ರಾನ್ಸಿನಲ್ಲಿ 1987ರಿಂದ ಪ್ರತಿ ಡಿಸೆಂಬರ್‌ನಲ್ಲಿ ‘ಟೆಲಿಥಾನ್’ ನಡೆಯುತ್ತದೆ. ಅಪರೂಪದ ಸ್ನಾಯು ರೋಗಗಳ ಸಂಶೋಧನೆಗಾಗಿ ಟಿವಿಯಲ್ಲಿ ತಾಸುಗಟ್ಟಲೆ ನಡೆಯುವ ನಿಧಿ ಸಂಗ್ರಹ ಅದು. ಊರೂರ ಶಾಲೆಗಳು ಓಟ, ಆಟ, ತಿಂಡಿ ಮಾರಾಟ ನಡೆಸಿ ಹಣ ಕೂಡಿಸುತ್ತವೆ. 2006ರಲ್ಲಿ ಕೆಲವು ಬಿಷಪರು ತಗಾದೆ ತೆಗೆದರು. ಹಣದಲ್ಲಿ ಸ್ವಲ್ಪ ಪಾಲು ಮಾನವ ಭ್ರೂಣದ ಮೇಲಿನ ಸಂಶೋಧನೆಗೆ ಹೋಗುತ್ತದೆ, ನಮ್ಮ ಧರ್ಮಕ್ಕೆ ಅದು ಒಪ್ಪಿಗೆಯಿಲ್ಲ ಎಂಬುದು ಅವರ ವಾದ. ದೇಶವಿಡೀ ಚರ್ಚೆಯಾಯಿತು.

2014ರ ಐಸ್ ಬಕೆಟ್ ಚಾಲೆಂಜ್ ನಿಮಗೆ ನೆನಪಿರಬಹುದು. ತಲೆಯ ಮೇಲೆ ಐಸ್ ನೀರು ಸುರಿದುಕೊಂಡು ಎಎಲ್‌ಎಸ್ ಎಂಬ ನರರೋಗದ ಸಂಶೋಧನೆಗೆ ಹಣ ಕೊಡುವ ಆಟ. ಅಮೆರಿಕದ ಸಿನ್ಸಿನಾಟಿ ಮಹಾಧರ್ಮಪ್ರಾಂತ್ಯ ತನ್ನ ಶಾಲೆಗಳಿಗೆ ಹೇಳಿದ್ದಿಷ್ಟು: ನೀರು ಸುರಿದುಕೊಳ್ಳಿ, ಅಡ್ಡಿಯಿಲ್ಲ. ಹಣವನ್ನು ಮಾತ್ರ ಎಎಲ್‌ಎಸ್ ಸಂಘಕ್ಕೆ ಕಳಿಸಬೇಡಿ, ಭ್ರೂಣದ ಕಾಂಡಕೋಶ ಬಳಸದ ಅಯೋವಾದ ಇನ್ನೊಂದು ಸಂಶೋಧನಾ ಸಂಸ್ಥೆಗೆ ಕೊಡಿ. ಕಾರಣವೂ ಅದೇ, ಭ್ರೂಣ ಸಂಶೋಧನೆ.

ಹಣದ ಬಳಕೆಯ ಬಗ್ಗೆ ಅನುಮಾನ ಬಂದು ವ್ಯಾಟಿಕನ್ನೇ 1996ರಲ್ಲಿ ಯುನಿಸೆಫ್‌ಗೆ ಕೊಡುತ್ತಿದ್ದ ಸಾಂಕೇತಿಕ ವಾರ್ಷಿಕ ದೇಣಿಗೆಯನ್ನು ತಡೆಹಿಡಿದಿತ್ತು. ಬ್ರಿಟನ್ನಿನಲ್ಲಿ 1988ರಿಂದ ನಡೆಯುತ್ತಿರುವ ನಿಧಿ ಸಂಗ್ರಹದ ‘ಕೆಂಪು ಮೂಗಿನ ದಿನ’ದ ಸುತ್ತಲೂ ಇಂಥದೇ ಅನುಮಾನ ಎದ್ದದ್ದುಂಟು. ಮಕ್ಕಳು ಜೋಕರ್ ಮೂಗು ಹಾಕಿಕೊಂಡು ಬರುವುದು ಬೇಡವೆಂದು ಯಾರೂ ಹೇಳಲಿಲ್ಲ. ಆ ಹಣ ಹೋಗಿ ಸೇರುವ ಸಂಸ್ಥೆ ಯಾವುದು ಎಂಬುದೇ ತಂದೆತಾಯಂದಿರ ಪ್ರಶ್ನೆ. ಅಲ್ಲಿನ ಕ್ಯಾಥೊಲಿಕರಿಗೆ ತಮ್ಮದೇ ದಾರಿಯೂ ಇತ್ತು. 1960ರಲ್ಲಿ ಕ್ಯಾಥೊಲಿಕ್ ಮಹಿಳಾ ಸಂಘಟನೆಗಳು ಒಂದು ಹೊತ್ತಿನ ಊಟ ಬಿಟ್ಟು ಉಳಿಸಿದ ಹಣವನ್ನು ಡೊಮಿನಿಕಾ ದ್ವೀಪದ ತಾಯಿ-ಮಗು ಚಿಕಿತ್ಸಾಲಯಕ್ಕೆ ಕಳಿಸಿದ್ದವು. ಕೊಟ್ಟವರಿಗೆ ಹಣ ಹೋಗುವ ಊರು ಗೊತ್ತಿತ್ತು, ಅಲ್ಲಿ ನಡೆಯುವ ಕೆಲಸವೂ ಗೊತ್ತಿತ್ತು.

ಭಟ್ಕಳದಿಂದ ನೋಡಿದರೆ ಇದೆಲ್ಲ ದೂರದ ಜಗಳ. ಸೈನಿಕರ ಧ್ವಜದಲ್ಲಿ, ಕ್ಷಯರೋಗದ ಚೀಟಿಯಲ್ಲಿ ಧರ್ಮಸಂಕಟ ಹುಡುಕಿದರೂ ಸಿಗದು. ಹಾಗೆಂದು ಕಡೆಗಣಿಸುವಂತೆಯೂ ಇಲ್ಲ. ಆ ಜಗಳಗಳನ್ನು ಜರಡಿ ಹಿಡಿದರೆ ಕೊನೆಗೆ ಉಳಿಯುವುದು ಒಂದು ಒಳ್ಳೆಯ ಪ್ರಶ್ನೆ: ದುಡ್ಡು ಎಲ್ಲಿಗೆ ಹೋಗುತ್ತದೆ? ನಮ್ಮ ಶಾಲೆಗಳಲ್ಲಿ ಕೇಳಿಬರದ ಪ್ರಶ್ನೆಯೂ ಅದೇ.

ಸುತ್ತೋಲೆ ಬಂದಿದೆ

ನಮ್ಮಲ್ಲಿ ನಿಧಿ ದಿನ ಮಕ್ಕಳನ್ನು ತಲಪುವುದು ಸುತ್ತೋಲೆಯಾಗಿ. ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಶಾಲೆಗೆ, ಮುಖ್ಯ ಶಿಕ್ಷಕರಿಂದ ತರಗತಿಗೆ. ಜತೆಗೆ ಇಷ್ಟು ಧ್ವಜ, ಇಷ್ಟು ಹಣ ಎಂಬ ಅಂದಾಜು. ಮಾರಾಟವಾಗದೆ ಉಳಿದದ್ದನ್ನು ಮಾಸ್ತರೋ ಅಕ್ಕೋರೋ ಕೈಯಿಂದ ತುಂಬಬೇಕು ಎಂಬ ಗೊಣಗು ಶಿಕ್ಷಕರ ಕೊಠಡಿಗೆ ಹೊಸದಲ್ಲ.

ಒತ್ತಡ ಮೇಲಿನಿಂದ ಇಳಿಯುತ್ತಾ ಇಳಿಯುತ್ತಾ ಕೊನೆಗೆ ಮಗುವಿನ ತಲೆಯ ಮೇಲೆ ಕೂರುತ್ತದೆ. “ನಾಳೆ ಎಲ್ಲರೂ ತರಬೇಕು.” ಯಾವ ತರಗತಿ ಹೆಚ್ಚು ಕೂಡಿಸಿತು ಎಂದು ಪ್ರಾರ್ಥನೆಯಲ್ಲಿ ಓದಿದರೆ ಚಪ್ಪಾಳೆ. ಕೊಟ್ಟವರ ಹೆಸರು ಬೋರ್ಡಿನ ಮೇಲೆ ಬಂದರೆ ಕೊಡದವರ ಹೆಸರು ತಾನಾಗಿಯೇ ಎಲ್ಲರಿಗೂ ತಿಳಿಯುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಯೇಸು ಬೋಧಿಸಿದ್ದನ್ನು ಮೌಲ್ಯಶಿಕ್ಷಣದ ಪಿರಿಯಡ್ಡಿನಲ್ಲಿ ಹೇಳುವ ಶಾಲೆಗೆ ಇದು ಒಪ್ಪುವ ಮಾತಲ್ಲ.

ಕರಾವಳಿಯಲ್ಲಿ ಮನೆಯ ದುಡ್ಡಿಗೂ ಋತು ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟು ದಡದಲ್ಲಿ, ಮೀನುಗಾರರ ಮನೆಯಲ್ಲಿ ಸಾಲದ ಚೀಟಿ. ಆಗಸ್ಟ್‌ನಲ್ಲಿ ಬೋಟು ಇಳಿದರೂ ಹಳೆಯ ಸಾಲ ತೀರುವ ಹೊತ್ತಿಗೆ ಸೆಪ್ಟೆಂಬರಿನ ಶಿಕ್ಷಕರ ದಿನ ಬಂದಿರುತ್ತದೆ. ಡಿಸೆಂಬರ್ ವೇಳೆಗೆ ಅಡಿಕೆ ಕೊಯ್ಲು ನಡೆದಿರುತ್ತದೆ, ಬಂದರಿನಲ್ಲೂ ವಹಿವಾಟು ಇರುತ್ತದೆ. ಒಂದೇ ಬೆಂಚಿನಲ್ಲಿ ಕೂತ ತೋಟದ ಮನೆಯ ಹುಡುಗನಿಗೆ ಹತ್ತು ರೂಪಾಯಿ ಲೆಕ್ಕವಲ್ಲ. ಹೊನ್ನಾವರ ಬಳಿಯ ಟೊಂಕದ ಮೀನುಗಾರ ಹುಡುಗಿಗೆ ಅದು ಒಂದು ಹೊತ್ತಿನ ಸಾರಿಗೆ ಬೇಕಾದ ಕಾಸು.

ದೇವಾಲಯದ ಪೆಟ್ಟಿಗೆಗೆ ಎರಡೇ ಚಿಕ್ಕಾಸು ಹಾಕಿದ ಬಡ ವಿಧವೆ ಎಲ್ಲರಿಗಿಂತ ಹೆಚ್ಚು ಕೊಟ್ಟಳೆಂಬ ಕತೆ ಬೈಬಲ್ಲಿನಲ್ಲಿದೆ. ಆ ಕತೆಯಲ್ಲಿ ಒಂದು ಅಂಶವನ್ನು ನಾವು ಮರೆಯುತ್ತೇವೆ. ಅವಳನ್ನು ಯಾರೂ ಹಾಜರಿ ಹಾಕಿ ಕರೆದಿರಲಿಲ್ಲ.

---

■ ಅಂಚೆ ಗುಮಾಸ್ತನ ಚೀಟಿ

1903ರ ಕ್ರಿಸ್ಮಸ್ ಕಾಲ. ಡೆನ್ಮಾರ್ಕಿನ ಅಂಚೆ ಗುಮಾಸ್ತ ಐನಾರ್ ಹೋಲ್ಬೆಲ್‌ಗೆ ರಾಶಿ ರಾಶಿ ಶುಭಾಶಯ ಪತ್ರ ವಿಂಗಡಿಸುವಾಗ ಒಂದು ಯೋಚನೆ ಹೊಳೆಯಿತು. ಪ್ರತಿ ಪತ್ರದ ಮೇಲೂ ಅಗ್ಗದ ಇನ್ನೊಂದು ಚೀಟಿ ಅಂಟಿಸಿದರೆ? ಮೊದಲ ವರ್ಷವೇ 40 ಲಕ್ಷಕ್ಕೂ ಹೆಚ್ಚು ಚೀಟಿ ಖರ್ಚಾದವು. ಆ ಹಣ ಕ್ಷಯ ಪೀಡಿತ ಮಕ್ಕಳ ಚಿಕಿತ್ಸೆಗೆ ಮೀಸಲಾಯಿತು. ನಮ್ಮ ಶಾಲೆಗಳಿಗೆ ಬರುವ ಕ್ಷಯರೋಗ ಚೀಟಿ ಇದೇ ವಂಶದ್ದು.

---

ಭಟ್ಕಳದಲ್ಲಿ ಸೌಹಾರ್ದ ಧ್ವಜ

ನವೆಂಬರ್ 25ರ ಧ್ವಜವನ್ನು ಬೇರೆ ಊರುಗಳಲ್ಲಿ ಸುಮ್ಮನೆ ಅಂಟಿಸಿಕೊಂಡು ಮರೆಯಬಹುದು. ಭಟ್ಕಳದಲ್ಲಿ ಹಾಗಾಗದು. 1993ರಲ್ಲಿ ಈ ಪಟ್ಟಣ ತಿಂಗಳುಗಟ್ಟಲೆ ಕೋಮು ಗಲಭೆಯಲ್ಲಿ ಬೆಂದಿತು. ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗ ವಿಚಾರಣೆ ನಡೆಸಿತು. ಆಗ ಶಾಲೆಯಲ್ಲಿದ್ದವರು ಇಂದು ತಮ್ಮ ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದಾರೆ.

ರಾಷ್ಟ್ರೀಯ ಕೋಮು ಸೌಹಾರ್ದ ಪ್ರತಿಷ್ಠಾನ ಹುಟ್ಟಿದ್ದು ಅದಕ್ಕೆ ಒಂದು ವರ್ಷ ಮೊದಲು, 1992ರಲ್ಲಿ. ಕೋಮು, ಜಾತಿ, ಭಯೋತ್ಪಾದನೆಯ ಹಿಂಸೆಯಲ್ಲಿ ಮನೆಯ ಆಧಾರ ಕಳೆದುಕೊಂಡ ಮಕ್ಕಳ ಓದಿಗೆ ನೆರವಾಗುವುದು ಅದರ ಮುಖ್ಯ ಕೆಲಸ. ತಮ್ಮಂಥದೇ ಮಕ್ಕಳ ಶಾಲಾ ಖರ್ಚಿಗೆ ಈ ನಾಣ್ಯ ಹೋಗುತ್ತದೆಂದು ಭಟ್ಕಳದ ಮಕ್ಕಳಿಗೆ ಹೇಳಿದರೆ, ಹಿಂದೂ ಮುಸ್ಲಿಂ ಮಕ್ಕಳು ಕ್ರೈಸ್ತ ಸಂಸ್ಥೆಯ ಅಂಗಳದಲ್ಲಿ ಒಂದೇ ಡಬ್ಬಿಗೆ ಹಾಕುವ ಆ ಕಾಸಿಗೆ ಬೇರೆಯೇ ತೂಕ ಬರುತ್ತದೆ. ಹೇಳದಿದ್ದರೆ ಅದು ಇನ್ನೊಂದು ಸ್ಟಿಕ್ಕರ್.

ಕೊಟ್ಟ ಊರೇ ಪಡೆದಾಗ

2022ರ ಆಗಸ್ಟ್ 2ರ ಬೆಳಗಿನ ಜಾವ ಭಟ್ಕಳದಲ್ಲಿ ಮಳೆ ಕಂಡರಿಯದಂತೆ ಸುರಿಯಿತು. ಪೇಟೆ ಮುಳುಗಿತು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಸತ್ತರು. 2024ರ ಜುಲೈ 16ರಂದು ಕುಮಟಾದಿಂದ ಉತ್ತರಕ್ಕೆ, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡವೇ ಗಂಗಾವಳಿಗೆ ಜಾರಿತು. ಆ ದಿನಗಳಲ್ಲಿ ಸೈನ್ಯ, ನೌಕಾಪಡೆ, ವಿಪತ್ತು ಪಡೆ, ಪರಿಹಾರ ನಿಧಿ ಎಂಬ ಪದಗಳು ಪತ್ರಿಕೆಯ ಪುಟದಿಂದ ಎದ್ದು ಮನೆಯಂಗಳಕ್ಕೇ ಬಂದವು.

ಶಿರೂರಿನ ನದಿಯಲ್ಲಿ ನೌಕಾಪಡೆಯ ಮುಳುಗುಗಾರರು ದಿನಗಟ್ಟಲೆ ಹುಡುಕಿದ್ದನ್ನು ಈ ಜಿಲ್ಲೆಯ ಮಕ್ಕಳು ಟಿವಿಯಲ್ಲಿ ಕಂಡಿದ್ದಾರೆ. ಧ್ವಜ ದಿನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಯಾವ ಸುತ್ತೋಲೆಯಲ್ಲಿದೆ?

ಮೂರು ಸಾಲಿನ ಲೆಕ್ಕ

ಕೆಲವರು ಹೇಳುವುದುಂಟು: ಶಾಲೆಗಳಲ್ಲಿ ನಿಧಿ ಸಂಗ್ರಹವನ್ನೇ ನಿಲ್ಲಿಸಿ, ಕೊಡುವವರು ಆನ್‌ಲೈನ್‌ನಲ್ಲಿ ಕೊಡಲಿ. ಹಣವೇ ಗುರಿಯಾಗಿದ್ದರೆ ಅದು ಸರಿಯಾದ ಮಾತು. ಎರಡು ರೂಪಾಯಿ, ಐದು ರೂಪಾಯಿ ಕೂಡಿಸುವ ಶ್ರಮಕ್ಕಿಂತ ಒಬ್ಬ ಉದ್ಯಮಿಯ ಚೆಕ್ ಸುಲಭ. ಆದರೆ ಮಕ್ಕಳ ಡಬ್ಬಿ ಇರುವುದು ಮಕ್ಕಳಿಗಾಗಿ. ಜಾರಿಕೋ ನೇಕಾರ ಹೆಂಗಸರನ್ನು ಹತ್ತರ ಗುಂಪು ಮಾಡಿದ್ದು ಶ್ರೀಮಂತರು ಸಿಗಲಿಲ್ಲವೆಂದಲ್ಲ, ಬಡವರಿಗೂ ಕೊಡುವ ಹಕ್ಕಿದೆಯೆಂದು.

ಹಾಗಾದರೆ ಬದಲಾಗಬೇಕಾದ್ದು ಡಬ್ಬಿಯ ಸುತ್ತಲಿನ ರೀತಿ. ಹೆಸರು ಕರೆಯುವುದು ಬೇಡ, ಡಬ್ಬಿ ಒಂದು ಮೂಲೆಯಲ್ಲಿರಲಿ. ತರಗತಿಗಳ ಪೈಪೋಟಿ ಬೇಡ. ಇಗರ್ಜಿಯ ಡಬ್ಬಿ, ಸರ್ಕಾರದ ಡಬ್ಬಿ ಬೇರೆ ಬೇರೆ ಇರಲಿ. ಮಿಷನ್‌ಗೆ ಕೊಡುವುದು ಬಿಡುವುದು ಮನೆಯವರ ಇಷ್ಟ ಎಂಬುದು ಎಲ್ಲರಿಗೂ ತಿಳಿದಿರಲಿ. ಅಲ್ಪಸಂಖ್ಯಾತ ಸಂಸ್ಥೆಯ ಮೇಲೆ ಸಂಶಯದ ಕಣ್ಣು ಸುಲಭವಾಗಿ ಬೀಳುವ ಈ ಕಾಲದಲ್ಲಿ ಇದು ಶಾಲೆಗೂ ರಕ್ಷೆ.

ಕೊನೆಯದಾಗಿ, ಸೂಚನಾ ಫಲಕದಲ್ಲಿ ಮೂರು ಸಾಲು: ಎಷ್ಟು ಕೂಡಿತು, ಯಾರಿಗೆ ಕಳಿಸಿದೆವು, ಅವರು ಅದರಿಂದ ಮಾಡುವ ಕೆಲಸವೇನು. ರಶೀದಿಯ ಪ್ರತಿ ಪಕ್ಕದಲ್ಲಿ. ಇದಕ್ಕೆ ಸುತ್ತೋಲೆ ಬೇಕಿಲ್ಲ, ಬಿಷಪರ ಅಪ್ಪಣೆ ಬೇಕಿಲ್ಲ, ಖರ್ಚೂ ಇಲ್ಲ. ಒಂದು ಕಾಲದಲ್ಲಿ ಧಾರವಾಡ ಸೀಮೆಯ ಹತ್ತಿಯನ್ನು ಹಡಗೇರಿಸಿ ಹೊರದೇಶದಲ್ಲೂ ತನ್ನ ಹೆಸರು ಉಳಿಸಿಕೊಂಡ ಕುಮಟಾಕ್ಕೆ ಲೆಕ್ಕದ ಪುಸ್ತಕದ ಪರಿಚಯ ಮಾಡಿಸಬೇಕಿಲ್ಲ.

ಫ್ರಾನ್ಸ್, ಅಮೆರಿಕದ ಶಾಲೆಗಳಲ್ಲಿ ದುಡ್ಡು ಎಲ್ಲಿಗೆ ಹೋಗುತ್ತದೆಂದು ಕೇಳಿದವರು ಬಿಷಪರು. ಇಲ್ಲಿ ಆ ಪ್ರಶ್ನೆಯನ್ನು ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳುವಂತಾಗಬೇಕು. ಅವಳಿಗೆ ಉತ್ತರ ಕೊಡಬಲ್ಲ ಶಾಲೆ ಮುಂದಿನ ವರ್ಷ ಹಣ ತನ್ನಿ ಎಂದು ಎರಡು ಸಲ ಹೇಳಬೇಕಾಗುವುದಿಲ್ಲ.